ವಿನೀತಗಜವೂ ಪಾಲಕನ ಋಣವೂ

ಪ್ರಾಣಿಗಳನ್ನು ಹಿಡಿದು, ಕಟ್ಟಿ, ಪಳಗಿಸಿ, ಜನರ ಮುಂದೆ ಮೆರೆಸುವುದೂ ಆಡಿಸುವುದೂ ಧರ್ಮಸಮ್ಮತವಾದ ಕಾರ್ಯವೆ ಎಂಬ ಪ್ರಶ್ನೆಯು ಈಚಿನ ಕೆಲವು ದಶಕಗಳಲ್ಲಿ ನ್ಯಾಯಾಲಯಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಪದೇ ಪದೇ ಎದ್ದಿರುವುದು ವಾಚಕಮಹಾಶಯರಿಗೆ ತಿಳಿದೇ ಇದೆ. ಈ ವಾದದಲ್ಲಿ ಎರಡು ಪಕ್ಷದವರೂ ನಮ್ಮ ಪ್ರಾಚೀನಗ್ರಂಥಗಳನ್ನು ಸಾಕ್ಷಿಗೆ ಕರೆಯುವರು. ಅಹಿಂಸೆಯೇ ಪರಮಧರ್ಮವಾದುದರಿಂದ ಪ್ರಾಣಿಯನ್ನು ಕಟ್ಟುವುದೇ ಪಾಪವೆಂದು ಒಬ್ಬರು. ಗಜಶಾಲೆ ಅಶ್ವಶಾಲೆಗಳಿಲ್ಲದ ರಾಜ್ಯವನ್ನು ನಮ್ಮ ಹಿರಿಯರು ಊಹಿಸಲೂ ಇಲ್ಲವಾದುದರಿಂದ ಅದು ಶಿಷ್ಟಾಚಾರವೆಂದು ಮತ್ತೊಬ್ಬರು. ಗ್ರಂಥಗಳನ್ನು ನಿಧಾನವಾಗಿ ಓದಿದವರಿಗೆ ಈ ಎರಡು ಮಾತುಗಳೂ ಅರೆಯರೆಯಾಗಿಯೇ ತೋರುವುವು. ಗಜಶಾಸ್ತ್ರಕಾರರು ಆನೆಯ ಬಂಧನವನ್ನು ನಿಷೇಧಿಸಲಿಲ್ಲ. ಹಾಗೆಂದು ಅದನ್ನು ಆನೆಯ ಸ್ವಧರ್ಮವೆಂದೂ ಹೇಳಲಿಲ್ಲ. ಕಟ್ಟಿದವನು ಕಟ್ಟಿದ ದಿನದಿಂದ ಸಾಲಗಾರನಾದನೆಂಬುದೇ ಅವರ ಮತವೆಂದು ನನಗೆ ಕಾಣುತ್ತದೆ. ಈ ಮತದ ಆಧಾರಗಳನ್ನೂ, ಅದನ್ನು ನಮ್ಮ ಕಾಲದ ಒಂದು ಪ್ರಸಂಗಕ್ಕೆ ಅನ್ವಯಿಸಿದರೆ ಬರುವ ಫಲವನ್ನೂ ಇಲ್ಲಿ ನಿರೂಪಿಸುವೆನು.

ಪ್ರಸಂಗವು ಹಾಸನ ಜಿಲ್ಲೆಯದು. 2023ನೆಯ ಇಸವಿ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯವಲಯಕ್ಕೆ ಸೇರಿದ ದಬ್ಬಳ್ಳಿಕಟ್ಟೆಯ ಕಾಡಿನಲ್ಲಿ ಅರ್ಜುನನೆಂಬ ಆನೆಯು ಒಂದು ಕಾಡುಸಲಗದೊಡನೆ ಹೋರಾಡುತ್ತ ಸತ್ತಿತು. ಈ ಅರ್ಜುನನನ್ನು 1968ರಲ್ಲಿ ಕಾಕನಕೋಟೆಯ ಕಾಡಿನಲ್ಲಿ ಹಿಡಿದಿದ್ದರು. 2012ರಿಂದ 2019ರವರೆಗೆ ಎಂಟು ವರ್ಷ ಅದು ಮೈಸೂರು ದಸರೆಯ ಜಂಬೂಸವಾರಿಯಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತಿತು. ಅರುವತ್ತು ವರ್ಷ ದಾಟಿದ ಆನೆಗೆ ಅಷ್ಟು ಭಾರವನ್ನು ಹೊರಿಸಕೂಡದೆಂಬ ಕಾರಣದಿಂದ 2020ರಲ್ಲಿ ಅಂಬಾರಿಯನ್ನು ಅಭಿಮನ್ಯುವೆಂಬ ಆನೆಗೆ ವಹಿಸಿದರು. ಭಾರ ಹೊರುವುದಕ್ಕೆ ವಯಸ್ಸಾಯಿತೆಂದು ಬಿಡುಗಡೆ ಹೊಂದಿದ ಆನೆಯನ್ನು ಮೂರು ವರ್ಷಗಳ ತರುವಾಯ, ಅದಕ್ಕೆ ಸುಮಾರು 64 ವರ್ಷ ತುಂಬಿದ್ದಾಗ, ಕಾಡಾನೆಗಳನ್ನು ಹಿಡಿಯುವ ಕಾರ್ಯಾಚರಣೆಗೆ ಕುಮ್ಕಿಯಾಗಿ ಕರೆತಂದರು. ಎದುರಿಗೆ ಬಂದುದು ಮದವೇರಿದ ಸಲಗವೆಂದು ವರದಿಗಳಲ್ಲಿ ಬಂದಿತು. ಪತ್ರಿಕೆಗಳು ಅರ್ಜುನನು ಕರ್ತವ್ಯದಲ್ಲಿ ಮಡಿದನೆಂದೂ, ವೀರಮರಣವನ್ನು ಪಡೆದನೆಂದೂ ಬರೆದವು. ಸತ್ತ ಸ್ಥಳದಲ್ಲಿಯೇ ಸಕಲ ಗೌರವಗಳೊಡನೆ ಮಣ್ಣುಮಾಡಿದರು. ದಬ್ಬಳ್ಳಿಕಟ್ಟೆಯಲ್ಲಿಯೂ ಅರ್ಜುನನ ನೆಲೆಯಾಗಿದ್ದ ಬಳ್ಳೆಯ ಶಿಬಿರದಲ್ಲಿಯೂ ಸ್ಮಾರಕವನ್ನು ಕಟ್ಟಿಸುವೆವೆಂದು ಸರ್ಕಾರದವರು ಪ್ರಕಟಿಸಿದರು.

ಕರ್ತವ್ಯವೆಂಬ ಮಾತನ್ನು ಸಾಹಿತ್ಯವನ್ನು ಬೋಧಿಸುವವರು ಸುಮ್ಮನೆ ಬಿಡಲಾಗದು. ಕರ್ತವ್ಯಕ್ಕೆ ಅಧಿಕಾರಿಯೊಬ್ಬನು ಬೇಕು. ಇದನ್ನು ಮಾಡುವೆನು ಎಂದಾಗಲಿ ಮಾಡೆನು ಎಂದಾಗಲಿ ಸಂಕಲ್ಪಿಸಬಲ್ಲವನೇ ಅಧಿಕಾರಿ. ಆನೆಗೆ ಆ ಸಂಕಲ್ಪವನ್ನು ಮಾಡುವ ಅವಕಾಶವನ್ನು ನಾವು ಕೊಟ್ಟಿಲ್ಲ. ಇಲ್ಲಿ ಸ್ವಲ್ಪ ಶಬ್ದವಿಚಾರವನ್ನು ಮಾಡುವುದು ಅಪ್ರಕೃತವಾಗಲಾರದು. ಸಂಸ್ಕೃತದಲ್ಲಿ ವಿನಯವೆಂಬ ಶಬ್ದವು ರಾಜಪುತ್ರನ ವಿದ್ಯಾಭ್ಯಾಸಕ್ಕೂ ಆನೆ ಕುದುರೆಗಳನ್ನು ಪಳಗಿಸುವುದಕ್ಕೂ ಸಮಾನವಾಗಿ ಸಲ್ಲುವುದು; ಪಳಗಿದ ಆನೆಯು ವಿನೀತ, ಕಲಿತ ಶಿಷ್ಯನೂ ವಿನೀತ. ದಮ್ಯವೆಂದರೆ ಅಡಗಿಸತಕ್ಕದ್ದು. ಶಿಕ್ಷಾ ಎಂಬುದು ಸಂಸ್ಕೃತದಲ್ಲಿ ಕಲಿಕೆಯಾಗಿದ್ದು ಕನ್ನಡಕ್ಕೆ ಬಂದು ಶಿಕ್ಷೆಯಾದಾಗ ದಂಡನೆಯೆಂಬ ಅರ್ಥವನ್ನು ತಳೆಯಿತು. ಪಾಠಶಾಲೆಯ ಬೆತ್ತವೇ ಈ ಅರ್ಥಾಂತರಕ್ಕೆ ಕಾರಣವೆಂದು ಹಾಸ್ಯವಾಗಿ ಹೇಳುವುದುಂಟು. ಆ ಬೆತ್ತದ ಕೆಳಗೆ ಕುಳಿತು ಶಬ್ದಮಂಜರಿಯನ್ನು ಬಾಯಿಪಾಠ ಮಾಡಿದವರಿಗೆ ಅದು ಹಾಸ್ಯವೆನಿಸದು. ಇವಕ್ಕೆ ಹೋಲಿಸಿದರೆ ನಮ್ಮ ದೇಸಿಯ ಪಳಗು ಎಂಬ ಧಾತುವೇ ಸೌಮ್ಯವಾದುದು. ಹಳಗನ್ನಡದಲ್ಲಿ ೞಕಾರದಿಂದ ಕೂಡಿದ್ದ ಈ ಶಬ್ದಕ್ಕೆ ತಮಿಳಿನಲ್ಲಿ ಜ್ಞಾತಿಶಬ್ದವಿದ್ದು, ಅಲ್ಲಿ ಅದಕ್ಕೆ ಅಭ್ಯಾಸವಾಗು, ಪರಿಚಯವಾಗು, ಒಡನಾಡು ಎಂಬ ಅರ್ಥಗಳಿವೆ. ಒಡನಾಟದಲ್ಲಿ ಇಬ್ಬರಿರುವರು; ದಮನದಲ್ಲಿ ಒಬ್ಬನು ಮಾಡುವವನು, ಇನ್ನೊಬ್ಬನು ಮಾಡಿಸಿಕೊಳ್ಳುವವನು. ಆನೆಯ ಶಿಬಿರಗಳಲ್ಲಿ ನಡೆಯುವುದು ಇವೆರಡರ ಮಿಶ್ರಣವೆಂಬುದನ್ನು ಮುಂದೆ ನೋಡೋಣ.

ಗಜಶಾಸ್ತ್ರದ ಉತ್ಪತ್ತಿಕಥೆಯನ್ನು ಮೊದಲು ಪರಿಶೀಲಿಸೋಣ. ಹಸ್ತ್ಯಾಯುರ್ವೇದಕ್ಕೆ ಕರ್ತೃವೆಂದು ಪ್ರಸಿದ್ಧನಾದವನು ಪಾಲಕಾಪ್ಯಮುನಿ. 1894ರಲ್ಲಿ ಪುಣೆಯ ಆನಂದಾಶ್ರಮದಿಂದ ಮುದ್ರಿತವಾದ ಈ ಮಹಾಗ್ರಂಥವು ಮಹಾರೋಗ, ಕ್ಷುದ್ರರೋಗ, ಶಲ್ಯ, ಉತ್ತರ ಎಂಬ ನಾಲ್ಕು ಸ್ಥಾನಗಳಾಗಿ ವಿಭಕ್ತವಾಗಿದೆ. ಅದರ ಕಥೆಯನ್ನು ಕೇರಳದ ನೀಲಕಂಠನ ಮಾತಂಗಲೀಲೆಯು ಸಂಕ್ಷೇಪವಾಗಿ ಹೇಳುವುದು. ಈ ಚಿಕ್ಕ ಪುಸ್ತಕವನ್ನು ತ್ರಿವೇಂದ್ರದ ಗ್ರಂಥಮಾಲೆಯಲ್ಲಿ 1910ರಲ್ಲಿ ಗಣಪತಿಶಾಸ್ತ್ರಿಗಳು ಪ್ರಕಟಿಸಿದರು. ಕಥೆಯು ಹೀಗಿದೆ. ಅಂಗದೇಶದಲ್ಲಿ ಕಾಡಾನೆಗಳು ಬೆಳೆಗಳನ್ನು ಹಾಳುಮಾಡುತ್ತಿದ್ದುವು. ರಾಜನಾದ ರೋಮಪಾದನು ಋಷಿಗಳ ಅನುಗ್ರಹವನ್ನು ಪಡೆದು ಆನೆಗಳನ್ನು ಹಿಡಿಯುವುದಕ್ಕೆ ಜನರನ್ನು ಕಳುಹಿಸಿದನು. ಅವರು ಪಾಲಕಾಪ್ಯನು ಇಲ್ಲದ ಹೊತ್ತಿನಲ್ಲಿ, ಅವನೊಡನೆ ಬೆಳೆದ ಹಿಂಡನ್ನೇ ಹಿಡಿದು ಚಂಪಾನಗರಿಯಲ್ಲಿ ಕಂಬಕ್ಕೆ ಕಟ್ಟಿದರು. ಮುನಿಯು ಹಿಂಡನ್ನು ಕಾಣದೆ ದುಃಖಿತನಾಗಿ ಅರಸುತ್ತ ಚಂಪೆಗೆ ಬಂದು, ಯಾರೊಡನೆಯೂ ಮಾತನಾಡದೆ, ಆನೆಗಳ ಗಾಯಗಳಿಗೆ ಔಷಧವನ್ನು ಹಚ್ಚುತ್ತ ಕುಳಿತನು. ಋಷಿಗಳು ಕೇಳಿದರೂ ಉತ್ತರವಿಲ್ಲ. ಬಹಳ ಹೊತ್ತಿನ ಮೇಲೆ ರಾಜನೊಡನೆ ಮಾತಿಗೆ ತೊಡಗಿದನು. ಆ ಮಾತೇ ಗಜಶಾಸ್ತ್ರವಾಯಿತು.

ಈ ಕಥೆಯಲ್ಲಿ ಗಮನಿಸತಕ್ಕ ಸಂಗತಿಗಳು ಹಲವು. ಶಾಸ್ತ್ರದ ಮೊದಲ ಪ್ರವಕ್ತಾರನು ಆನೆಯನ್ನು ಹಿಡಿದವನೂ ಅಲ್ಲ, ಪಳಗಿಸಿದವನೂ ಅಲ್ಲ. ಗಾಯಕ್ಕೆ ಮದ್ದು ಹಚ್ಚಿದವನು. ಶಾಸ್ತ್ರದ ನಿಮಿತ್ತವು ಯುದ್ಧವೂ ಉತ್ಸವವೂ ಅಲ್ಲದೆ ರೈತನ ಬೆಳೆಹಾನಿಯಾಗಿದೆ. ಎರಡು ಕಡೆಯ ದುಃಖವನ್ನೂ ಕಥೆಯು ಮುಚ್ಚಿಡದು: ಬೆಳೆ ಕಳೆದುಕೊಂಡ ಪ್ರಜೆಗಳಿಗಾಗಿ ರಾಜನು ನಡೆದುಕೊಂಡುದನ್ನು ಅಧರ್ಮವೆನ್ನುವುದಿಲ್ಲ, ಹಿಂಡನ್ನು ಕಳೆದುಕೊಂಡ ಮುನಿಯ ಶೋಕವನ್ನು ಮೋಹವೆನ್ನುವುದಿಲ್ಲ. ಇನ್ನು ಆನೆಯು ಮನುಷ್ಯನಿಗೆ ವಾಹನವಾದುದು ಹೇಗೆಂಬುದಕ್ಕೆ ಅದೇ ಗ್ರಂಥವು ಹೇಳುವ ಕಾರಣವು ಇನ್ನೂ ವಿಚಿತ್ರವಾದುದು. ಪೂರ್ವದಲ್ಲಿ ಆನೆಗಳು ಆಕಾಶದಲ್ಲಿಯೂ ಭೂಮಿಯಲ್ಲಿಯೂ ಇಚ್ಛೆಯಂತೆ ಸಂಚರಿಸುತ್ತಿದ್ದುವಂತೆ. ಅವು ಒಂದು ಆಲದ ಕೊಂಬೆಯ ಮೇಲೆ ಇಳಿಯಲು ಕೊಂಬೆಯು ಮುರಿದು ದೀರ್ಘತಪಸ್ಸೆಂಬ ಮುನಿಗೆ ಕೋಪವುಂಟಾಯಿತು. ಅವನ ಶಾಪದಿಂದ ಅವುಗಳಿಗೆ ಸ್ವೇಚ್ಛಾಸಂಚಾರವು ತಪ್ಪಿ ಮನುಷ್ಯವಾಹನತ್ವವು ಬಂದಿತು. ಆಗ ದಿಗ್ಗಜಗಳು ಬ್ರಹ್ಮನನ್ನು ಕಂಡು, ನಮ್ಮ ಬಂಧುಗಳು ಊರಿನಲ್ಲಿ ಒಗ್ಗದ ಆಹಾರವನ್ನು ತಿಂದು ರೋಗಕ್ಕೆ ಗುರಿಯಾಗುವರಲ್ಲಾ ಎಂದು ಮೊರೆಯಿಟ್ಟುವು. ಅವಕ್ಕಾಗಿ ವೈದ್ಯನೊಬ್ಬನು ಹುಟ್ಟುವನೆಂದು ಬ್ರಹ್ಮನು ಅಭಯವಿತ್ತನು. ಇದರ ತಾತ್ಪರ್ಯವೇನು? ವಾಹನತ್ವವು ಆನೆಯ ಸ್ವಭಾವವಲ್ಲ, ಅದಕ್ಕೆ ಬಂದ ವಿಪತ್ತು. ವೈದ್ಯಶಾಸ್ತ್ರವು ಆ ವಿಪತ್ತಿಗೆ ತೆರಬೇಕಾದ ಪರಿಹಾರ. ಹೊಸದಾಗಿ ಹಿಡಿದ ಆನೆಯು ಕಾಡಿನ ಸುಖವನ್ನು ನೆನೆಯುತ್ತ, ಕಠಿನವಾದ ಮಾತುಗಳಿಂದಲೂ ಬಂಧನದಿಂದಲೂ ಬೆಂದು, ಬಹುಕಾಲ ಬದುಕದೆ ಹೋಗುವುದೆಂದು ಮಾತಂಗಲೀಲೆಯು ಪೋಷಣಾಪ್ರಕರಣದಲ್ಲಿಯೇ ಹೇಳಿಬಿಡುವುದು. ಮಾಲೀಕರಿಗಾಗಿ ಬರೆದ ಕೈಪಿಡಿಯಲ್ಲಿ ಇಂತಹ ಮಾತು ಇರುವುದು ಅಪೂರ್ವವಲ್ಲವೆ?

ಕಥೆಯಿಂದ ವಿಧಿಗೆ ಬರೋಣ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯಕೋಶಾಗಾರದ ತಾಳೆಯೋಲೆಗಳಿಂದ ಎತ್ತಿ 1909ರಲ್ಲಿ ಪ್ರಕಟಿಸಿದ ಶಾಮಾಶಾಸ್ತ್ರಿಗಳ ಉಪಕಾರವನ್ನು ಕನ್ನಡಿಗರು ಮರೆಯಲಾರರು. ಅದರ ಎರಡನೆಯ ಅಧಿಕರಣದಲ್ಲಿ ಹಸ್ತ್ಯಧ್ಯಕ್ಷನ ಪ್ರಕರಣವಿದೆ. ಕೌಟಿಲ್ಯನು ದಯಾಳುವೆಂದು ಯಾರೂ ಹೇಳರು. ಆನೆಯು ಅವನಿಗೆ ಜಯದ ಸಾಧನ. ಆದರೂ ಅವನ ಮಿತಿಗಳನ್ನು ನೋಡಿರಿ. ಹಿಡಿಯುವ ಕಾಲವು ಗ್ರೀಷ್ಮ. ಹಿಡಿಯತಕ್ಕ ಆನೆಯ ವಯಸ್ಸು ಇಪ್ಪತ್ತು. ಮರಿಯನ್ನೂ, ರೋಗಿಯನ್ನೂ, ಗರ್ಭಿಣಿಯನ್ನೂ, ಹಾಲೂಡಿಸುವ ಹೆಣ್ಣನ್ನೂ ಹಿಡಿಯಕೂಡದು. ಆಮೇಲೆ ಕೆಲಸವನ್ನನುಸರಿಸಿ ಆನೆಗಳನ್ನು ದಮ್ಯ, ಸಾನ್ನಾಹ್ಯ, ಔಪವಾಹ್ಯ, ವ್ಯಾಲ ಎಂದು ನಾಲ್ಕಾಗಿ ವಿಂಗಡಿಸುವನು: ಪಳಗಿಸತಕ್ಕದ್ದು, ಯುದ್ಧಕ್ಕೆ ತಕ್ಕದ್ದು, ಸವಾರಿಗೆ ತಕ್ಕದ್ದು, ದುಷ್ಟವಾದದ್ದು. ಒಂದರ ಕೆಲಸಕ್ಕೆ ಇನ್ನೊಂದಲ್ಲವೆಂಬುದೇ ಈ ವಿಂಗಡಣೆಯ ಪ್ರಯೋಜನ. ಪ್ರಕರಣದ ಕೊನೆಯಲ್ಲಿ ಪರಿಚಾರಕರಿಗೆ ದಂಡವನ್ನು ವಿಧಿಸತಕ್ಕ ತಪ್ಪುಗಳನ್ನು ಎಣಿಸಿರುವನು. ಆನೆಯ ನಿಲ್ಲುವ ಸ್ಥಳವನ್ನು ಶುಚಿಮಾಡದಿರುವುದು, ಮೇವನ್ನು ತರದಿರುವುದು, ಬರಿಯ ನೆಲದ ಮೇಲೆ ಮಲಗಿಸುವುದು, ಹೊಡೆಯಬಾರದ ಅಂಗದಲ್ಲಿ ಹೊಡೆಯುವುದು, ಪರರನ್ನು ಹತ್ತಿಸುವುದು, ಹೊತ್ತಲ್ಲದ ಹೊತ್ತಿನಲ್ಲಿಯೂ ತಕ್ಕುದಲ್ಲದ ನೆಲದಲ್ಲಿಯೂ ನಡೆಸುವುದು, ಘಟ್ಟವಿಲ್ಲದ ಕಡೆ ನೀರಿಗಿಳಿಸುವುದು, ದಟ್ಟವಾದ ಮರಗಳ ನಡುವೆ ಹೊಗಿಸುವುದು: ಇವೇ ಆ ತಪ್ಪುಗಳು. ದಂಡವನ್ನು ಅವರ ಅನ್ನದಿಂದಲೂ ಸಂಬಳದಿಂದಲೂ ಮುರಿದುಕೊಳ್ಳಬೇಕು. ಇದಕ್ಕೆ ಹಿಂದಿನ ಅಶ್ವಪ್ರಕರಣದಲ್ಲಿ ಮತ್ತೊಂದು ವಿಧಿಯಿದೆ. ಯುದ್ಧದಿಂದಲೊ ರೋಗದಿಂದಲೊ ಮುಪ್ಪಿನಿಂದಲೊ ಕೆಲಸಕ್ಕೆ ಬಾರದಂತಾದ ಕುದುರೆಗಳಿಗೆ ಕೆಲಸವಿಲ್ಲದೆಯೇ ಆಹಾರವು ಸಲ್ಲಬೇಕೆಂದು ಅದರ ಅರ್ಥ. ವಿಶ್ರಾಂತಿವೇತನವೆಂದು ಈಗಿನವರು ಕರೆಯುವುದು ಇದನ್ನೇ.

ಇಷ್ಟಾದರೂ ಕೌಟಿಲ್ಯನ ದೃಷ್ಟಿಯು ಬೊಕ್ಕಸದ ದೃಷ್ಟಿ. ಪ್ರಾಣಿಯ ನೋವನ್ನೇ ಮಾನವಾಗಿ ಹಿಡಿದು ಪಾಲಕನ ದೋಷಗಳನ್ನು ಎಣಿಸಿದವರು ಜೈನಾಚಾರ್ಯರು. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಹೇಳುವುದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇದಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದನು ಕನ್ನಡನಾಡಿನ ಆಚಾರ್ಯನು. ಅವನ ವಿವರಣೆಯು ಬಹಳ ಬಿಗಿಯಾದುದು. ಬಂಧವೆಂದರೆ ಪ್ರಾಣಿಯು ತಾನು ಹೋಗಬಯಸಿದ ಕಡೆಗೆ ಹೋಗದಂತೆ ತಡೆಯುವುದು. ವಧವೆಂದರೆ ಇಲ್ಲಿ ಕೊಲ್ಲುವುದಲ್ಲ, ಏಕೆಂದರೆ ಕೊಲೆಯನ್ನು ವ್ರತಿಯು ಮೊದಲೇ ಬಿಟ್ಟಿರುವನು. ಕೋಲು ಚಾವಟಿ ಬೆತ್ತಗಳಿಂದ ಹೊಡೆಯುವುದೇ ವಧ. ಛೇದವು ಕಿವಿ ಮೂಗು ಮೊದಲಾದ ಅವಯವಗಳನ್ನು ತೆಗೆಯುವುದು. ನ್ಯಾಯವಾದ ಭಾರಕ್ಕಿಂತ ಹೆಚ್ಚಾಗಿ ಹೊರಿಸುವುದು ಅತಿಭಾರಾರೋಪಣ. ಹಸಿವು ಬಾಯಾರಿಕೆಗಳಿಂದ ಬಾಧಿಸುವುದು ಐದನೆಯದು. ಅತಿಚಾರವೆಂಬ ಮಾತೂ ಇಲ್ಲಿ ಅರ್ಥವತ್ತಾದುದು. ಅದು ವ್ರತವು ಸಂಪೂರ್ಣವಾಗಿ ಭಂಗವಾದುದಲ್ಲ, ಕಲೆ ಹತ್ತಿದುದು. ಎತ್ತನ್ನು ಕಟ್ಟದೆ ಗೃಹಸ್ಥನಿಗೆ ಜೀವನವಿಲ್ಲವೆಂಬುದನ್ನು ಆಚಾರ್ಯರು ಬಲ್ಲರು. ಆದಕಾರಣ ಕಟ್ಟಿದವನನ್ನು ವ್ರತಭ್ರಷ್ಟನೆಂದು ಹೊರದೂಡದೆ, ಕಲೆಯನ್ನು ದಿನದಿನವೂ ತೊಳೆದುಕೊಳ್ಳೆಂದು ವಿಧಿಸಿದರು. ಹಸಿದ, ಬಾಯಾರಿದ, ದಣಿದ ಎತ್ತನ್ನು ಹೂಡಬಾರದೆಂದು ಪರಾಶರಸ್ಮೃತಿಯೂ ಹೇಳುವುದು. ವಿಜಯನಗರದ ಮಾಧವಾಚಾರ್ಯರು ಆ ಸ್ಮೃತಿಗೆ ಬರೆದ ವಿಸ್ತಾರವಾದ ವ್ಯಾಖ್ಯಾನವು ನಮ್ಮ ಪಾಠಶಾಲೆಗಳಲ್ಲಿ ಸುಪರಿಚಿತವಾದುದೇ.

1960ರ ಪ್ರಾಣಿಹಿಂಸಾನಿವಾರಣಾ ಶಾಸನದ ಹನ್ನೊಂದನೆಯ ಪ್ರಕರಣವನ್ನು ಈ ಐದು ಅತಿಚಾರಗಳ ಪಕ್ಕದಲ್ಲಿಟ್ಟು ಓದಿದವರು ಆಶ್ಚರ್ಯಪಡುವರು. ಹೊಡೆಯುವುದು, ಅತಿಯಾಗಿ ಹೇರುವುದು, ತುಂಡುಸರಪಳಿಯಲ್ಲಿ ಕಟ್ಟುವುದು, ಅಂಗಭಂಗ ಮಾಡುವುದು, ಮೇವು ನೀರುಗಳನ್ನು ಕೊಡದಿರುವುದು, ಎಲ್ಲವೂ ಅಲ್ಲಿವೆ. ಒಂದರಿಂದ ಇನ್ನೊಂದು ಬಂದಿತೆಂದು ನನ್ನ ವಾದವಲ್ಲ. ಪ್ರಾಣಿಯನ್ನು ಸಾಕುವವನು ಯಾವ ಯಾವ ಬಾಗಿಲಿನಿಂದ ತಪ್ಪಿನೊಳಕ್ಕೆ ಕಾಲಿಡುವನೆಂದು ಕೂಲಂಕಷವಾಗಿ ಯೋಚಿಸಿದವರೆಲ್ಲರೂ ಅದೇ ಐದು ಬಾಗಿಲುಗಳನ್ನು ಕಾಣುವರೆಂದಷ್ಟೆ.

ಈ ಮಾನದಿಂದ ನಮ್ಮ ನಾಡಿನ ಆಟಗಳನ್ನು ಅಳೆದರೆ ಅವೆಲ್ಲವೂ ಒಂದೇ ತೂಕದವಲ್ಲವೆಂಬುದು ಸ್ಪಷ್ಟವಾಗುವುದು. ಕರಡಿಯನ್ನು ಕುಣಿಸುವ ವೃತ್ತಿಯಲ್ಲಿ ಐದೂ ದೋಷಗಳು ನೆರೆದಿದ್ದುವು. ತಾಯಿಯಿಂದ ಕದ್ದ ಮರಿಯ ಮೂತಿಯನ್ನು ಕಾಯಿಸಿದ ಕಬ್ಬಿಣದಿಂದ ತೂತಿಟ್ಟು ಹಗ್ಗವನ್ನು ಪೋಣಿಸುತ್ತಿದ್ದರು; ಹಲ್ಲುಗಳನ್ನು ಮುರಿಯುತ್ತಿದ್ದರು; ಆ ಹಗ್ಗದ ಜಗ್ಗಾಟದ ನೋವೇ ಕುಣಿತವಾಗಿ ನೋಡುವವರಿಗೆ ಕಾಣುತ್ತಿದ್ದಿತು. ಎತ್ತಿನ ಮೂಗುದಾರವೂ ಛೇದವಲ್ಲವೆ ಎಂದು ಆಕ್ಷೇಪಿಸಬಹುದು. ಮೂಗುದಾರವೂ ನಿರ್ದೋಷವಲ್ಲ, ಆದರೆ ಎತ್ತನ್ನು ನಡೆಸುವುದು ಮಾತು, ರೂಢಿ, ನೊಗದ ಜೊತೆ, ಇವೆಲ್ಲ ಸೇರಿ. ಕರಡಿಗೆ ನೋವಿನ ಹೊರತು ಬೇರೆ ಭಾಷೆಯೇ ಇರಲಿಲ್ಲ. 1998ರಲ್ಲಿ ಕೇಂದ್ರಸರ್ಕಾರವು ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಟಕ್ಕಾಗಿ ತರಬೇತು ಮಾಡುವುದನ್ನೂ ಪ್ರದರ್ಶಿಸುವುದನ್ನೂ ನಿಷೇಧಿಸಿತು. ಸರ್ಕಸ್ಸಿನವರು ತಂದ ವ್ಯಾಜ್ಯದಲ್ಲಿ 2001ರಲ್ಲಿ ಸರ್ವೋಚ್ಚನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕುಣಿಸುವ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ 2005ರಲ್ಲಿ ಆಶ್ರಯಸ್ಥಾನವು ಏರ್ಪಟ್ಟು, 2009ರ ಡಿಸೆಂಬರಿನಲ್ಲಿ ಕೊನೆಯ ಕರಡಿಯೂ ಅಲ್ಲಿಗೆ ಸೇರಿತು. ಕರಡಿಯನ್ನು ಬಿಟ್ಟುಕೊಟ್ಟ ಖಲಂದರರಿಗೆ ಬೇರೆ ಕಸುಬನ್ನು ಹೂಡಿಕೊಳ್ಳಲು ಹಣದ ಸಹಾಯ ದೊರೆತುದೂ ಅಷ್ಟೇ ಅವಶ್ಯವಾಗಿದ್ದಿತು. ಕೋಲೆಬಸವನ ವಿಷಯವು ಬೇರೆ. ಅದು ಮನೆಯ ಎತ್ತು. ತಲೆಯಾಡಿಸುವುದೇ ಅದರ ಆಟ. ಆಡಿಸುವವನು ಅದಕ್ಕಿಂತ ಹೆಚ್ಚು ಉಂಡವನಲ್ಲ. ಕಂಬಳದ ಕೋಣಗಳ ವಿಷಯದಲ್ಲಿ 2014ರ ತೀರ್ಪು, ಕರ್ನಾಟಕದ 2017ರ ತಿದ್ದುಪಡಿ, 2023ರ ಮೇ 18ರ ಸಂವಿಧಾನಪೀಠದ ತೀರ್ಪು, ಇವುಗಳಿಂದ ವಾದವು ಸದ್ಯಕ್ಕೆ ಮುಗಿದಿದೆ. ಹೊಡೆತದ ಲೆಕ್ಕ ಮಾತ್ರ ಗದ್ದೆಯಲ್ಲಿ ನಿಂತು ನೋಡುವವರಿಗೆ ಬಿಟ್ಟದ್ದು.

ಇಲ್ಲಿ ಸ್ಮೃತಿಕಾರರ ಸಾಕ್ಷ್ಯವನ್ನು ಅತಿಯಾಗಿ ಎಳೆಯಬಾರದೆಂದು ಎಚ್ಚರಿಸಬೇಕಾಗಿದೆ. ಪ್ರಾಣಿಗಳನ್ನು ಕಾಳಗಕ್ಕೆ ಬಿಟ್ಟು ಪಣವೊಡ್ಡುವ ಸಮಾಹ್ವಯವನ್ನು ಮನುವು ದ್ಯೂತದೊಡನೆ ನಿಷೇಧಿಸಿರುವನು. ಇದನ್ನು ಪ್ರಾಣಿದಯೆಗೆ ಪ್ರಮಾಣವೆಂದು ಉದಾಹರಿಸುವವರುಂಟು. ಅವನ ಕಾರಣವು ದಯೆಯಲ್ಲ, ಅದು ಹಗಲುಗಳ್ಳತನವೆಂಬುದು. ಯಾಜ್ಞವಲ್ಕ್ಯನಾದರೋ ರಾಜನ ಮೇಲ್ವಿಚಾರಣೆಯಲ್ಲಿ ಅದನ್ನು ನಡೆಯಗೊಡುವನು. ಯಾಜ್ಞವಲ್ಕ್ಯನಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದನು. ಆ ವಿಕ್ರಮಾದಿತ್ಯನ ಮಗನಾದ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಆನೆ, ಟಗರು, ಕೋಣ, ಕೋಳಿಗಳ ಕಾಳಗಗಳು ರಾಜವಿನೋದಗಳಾಗಿ ಸವಿಸ್ತಾರವಾಗಿ ವರ್ಣಿತವಾಗಿವೆ. ಅದೇ ಶತಮಾನದಲ್ಲಿ ಗುರ್ಜರದ ಹೇಮಚಂದ್ರನು ತನ್ನ ಯೋಗಶಾಸ್ತ್ರದಲ್ಲಿ ಪ್ರಾಣಿಗಳನ್ನು ಹೋರಾಡಿಸುವ ವಿನೋದವನ್ನು ಪ್ರಮಾದಾಚರಣೆಯೆಂದು, ಅಂದರೆ ಪ್ರಯೋಜನವಿಲ್ಲದ ಹಿಂಸೆಯ ಒಂದು ಭೇದವೆಂದು, ಎಣಿಸುವನು. ನೇಗಿಲಿನ ಎತ್ತಿಗೂ ಕಾಳಗದ ಟಗರಿಗೂ ಇರುವ ಭೇದವನ್ನು ಹೇಳುವ ಮಾತು ಇದೇ. ನೇಗಿಲಿಗೆ ಅರ್ಥವಿದೆ, ಅನ್ನವಿದೆ. ವಿನೋದಕ್ಕೆ ನೋಡುವವನ ಕುತೂಹಲವೊಂದೇ ಪ್ರಯೋಜನ. ಆದುದರಿಂದ ವಿನೋದಕ್ಕಾಗಿ ಪ್ರಾಣಿಯನ್ನು ಕಟ್ಟಿದವನ ಋಣವು ಹೊಲಕ್ಕಾಗಿ ಕಟ್ಟಿದವನ ಋಣಕ್ಕಿಂತ ದೊಡ್ಡದು.

ಪ್ರಕೃತಕ್ಕೆ ಬರೋಣ. ಗಂಗರ ಲಾಂಛನವೇ ಮದಗಜವಾಗಿದ್ದ ನಾಡು ಇದು. ಶಿವಮಾರನು ಗಜಾಷ್ಟಕವನ್ನು ರಚಿಸಿದನೆಂದು ಶಾಸನವು ಹೇಳುವುದು. ಹಳೇಬೀಡಿನ ದೇಗುಲದ ಬುಡದಲ್ಲಿ ಸಾಲುಗಟ್ಟಿ ನಡೆಯುವ ಆನೆಗಳನ್ನು ಹಾಸನದ ಸೀಮೆಯ ಮಕ್ಕಳು ಕಂಡ ಮೇಲೆಯೇ ಬದುಕಿದ ಆನೆಯನ್ನು ಕಾಣುವುದು ಹಿಂದೆ ರೂಢಿಯಾಗಿದ್ದಿತು. ಈಗ ಆ ಕ್ರಮವು ತಲೆಕೆಳಗಾಗಿದೆ. ಮೈಸೂರಿನ ಸೀಮೆಯಲ್ಲಿ 1873-74ರಲ್ಲಿ ಸ್ಯಾಂಡರ್ಸನ್ನನು ಆರಂಭಿಸಿದ ಖೆಡ್ಡಾ ಪದ್ಧತಿಯು, ಕೌಟಿಲ್ಯನು ವಾರಿಯೆಂದು ಕರೆದ ಬೇಲಿಯ ಬಂಧನಕ್ಕೆ ಹತ್ತಿರವಾದುದು, 1971ರಲ್ಲಿ ಕಾಕನಕೋಟೆಯಲ್ಲಿ ಕೊನೆಗೊಂಡಿತು. ಹಾಗೆ ಹಿಡಿದ ಆನೆಗಳಲ್ಲಿ ಆಯ್ದವು ದಸರೆಗೆ ಬರುತ್ತಿದ್ದುವು. ಅಂಬಾರಿಯ ತೂಕವು ಸುಮಾರು 750 ಕಿಲೋಗ್ರಾಂ. ಅರಮನೆಯಿಂದ ಬನ್ನಿಮಂಟಪದವರೆಗಿನ ದಾರಿ ಸುಮಾರು ಐದು ಕಿಲೋಮೀಟರು. ಕೆಲವು ವಾರಗಳ ಮೊದಲೇ ಆನೆಗಳನ್ನು ಮೈಸೂರಿಗೆ ಕರೆತಂದು, ಮರಳ ಮೂಟೆಗಳನ್ನು ಹೊರಿಸಿ ಭಾರವನ್ನು ಕ್ರಮವಾಗಿ ಏರಿಸುತ್ತ, ಬಳಿಕ ಮರದ ಅಂಬಾರಿಯನ್ನು ಕಟ್ಟಿ, ಫಿರಂಗಿಯ ಸದ್ದಿಗೆ ಬೆದರದಂತೆ ರೂಢಿಮಾಡಿಸುವರು. ಆ ದಿನಗಳಲ್ಲಿ ಕಾಳು, ಅನ್ನ, ಬೆಲ್ಲ, ತೆಂಗಿನಕಾಯಿ, ಬೆಣ್ಣೆಗಳ ವಿಶೇಷವಾದ ಆಹಾರವು ಸಲ್ಲುವುದು. ಭಾರವನ್ನು ಏರಿಸುವ ಈ ಕ್ರಮವು ನ್ಯಾಯ್ಯಭಾರವನ್ನು ಕಂಡುಕೊಳ್ಳುವ ಪ್ರಯತ್ನವೆಂದು ಒಪ್ಪಬೇಕು. ಅರುವತ್ತರ ವಯೋಮಿತಿಯೂ ಹಾಗೆಯೇ. ನೋಡಿದರೆ, ಮೆರವಣಿಗೆಯು ಆನೆಯ ವರ್ಷದಲ್ಲಿ ಅತ್ಯಂತ ಕಠಿನವಾದ ದಿನವಲ್ಲ. ಹಿಡಿದುತಂದ ಸಲಗವನ್ನು ದಪ್ಪ ದಿಮ್ಮಿಗಳ ಕ್ರಾಲಿನಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದ ಕಾಲವೇ ಅದು. ಆ ಭಾಗವನ್ನು ರಾಜಬೀದಿಯಲ್ಲಿ ನಿಂತವರು ಯಾರೂ ಕಾಣರು. ದಮನವು ಕ್ರಾಲಿನಲ್ಲಿ ಆಗುವುದು. ಪಳಗುವುದು ಆಮೇಲೆ, ಮಾವುತನೊಡನೆ, ಕಾವಾಡಿಯೊಡನೆ, ಹೊಳೆಯ ಸ್ನಾನದಲ್ಲಿ.

ಪೂರ್ವಪಕ್ಷದವರು ಹೇಳುವರು: ಶಿಬಿರದ ಆನೆಗೆ ಮೇವುಂಟು, ಮದ್ದುಂಟು, ದೀರ್ಘಾಯುಸ್ಸುಂಟು, ಕಾಡಿನಲ್ಲಿ ಏನುಂಟು? ಈ ವಾದವು ಬಂಧವೆಂಬುದಕ್ಕೆ ಪೂಜ್ಯಪಾದನು ಕೊಟ್ಟ ಲಕ್ಷಣವನ್ನು ಮರೆಯುವುದು. ಮೇವನ್ನು ಕೊಟ್ಟು ಅನ್ನಪಾನನಿರೋಧದಿಂದ ಪಾರಾಗಬಹುದು, ಅದರಿಂದಲೇ ಬಂಧದಿಂದ ಪಾರಾಗಲಾಗದು. ಒಂದು ಅತಿಚಾರವನ್ನು ಇನ್ನೊಂದರ ಖರ್ಚಿಗೆ ಹಾಕಲು ಬರುವುದಿಲ್ಲ. ಇನ್ನೊಂದು ಪೂರ್ವಪಕ್ಷವು ಇದಕ್ಕಿಂತ ಬಲವಾದುದು. ಅದು ಪಾಳ್ಯದ ಸೀಮೆಯ ರೈತರದು.

ಆಲೂರು ತಾಲ್ಲೂಕಿನ ಪಾಳ್ಯ, ಕೆಂಚಮ್ಮನ ಹೊಸಕೋಟೆ, ಕುಂದೂರು ಹೋಬಳಿಗಳಲ್ಲಿಯೂ ಸಕಲೇಶಪುರದ ಬೆಟ್ಟಗಳಲ್ಲಿಯೂ ಆನೆಯು ಪುಸ್ತಕದ ವಿಷಯವಲ್ಲ. ಗೊರೂರಿನಲ್ಲಿ 1979ರಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿನ ಅಂಚಿನಲ್ಲಿ ಜನರು ಬಿಟ್ಟುಹೋದ ನೆಲವು ಪೊದೆಯಾಗಿ, ಹಗಲು ಆನೆಗೆ ಮರೆಯಾಯಿತು. ರಾತ್ರಿಗೆ ಸುತ್ತಲೂ ಭತ್ತ, ಬಾಳೆ, ಕಾಫಿತೋಟದ ಹಲಸು. ಮುಂಜಾನೆ ತೋಟಕ್ಕೆ ಹೊರಟ ಕೂಲಿಯವನಿಗೆ ಮಂಜಿನಲ್ಲಿ ಹತ್ತು ಮಾರು ದೂರದ ಆನೆಯು ಕಾಣದು. ಸತ್ತವರ ಮನೆಗಳು ಈ ಹೋಬಳಿಗಳಲ್ಲಿ ಒಂದೆರಡಲ್ಲ. ಉಚ್ಚನ್ಯಾಯಾಲಯದ ಆದೇಶದಿಂದ ನೇಮಕವಾದ ಕರ್ನಾಟಕ ಆನೆ ಕಾರ್ಯಪಡೆಯು 2012ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯವನ್ನು ಆನೆಗಳ ಸಂರಕ್ಷಣೆಯ ವಲಯ, ಸಹಜೀವನದ ವಲಯ, ಆನೆಗಳನ್ನು ತೆಗೆಯತಕ್ಕ ವಲಯ ಎಂದು ವಿಂಗಡಿಸಿ, ಆಲೂರಿನ ಆನೆಗಳನ್ನು ಹಿಡಿಯಬೇಕೆಂದು ಸೂಚಿಸಿತು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಇಲ್ಲಿಂದ ಹಿಡಿದರು. ಆಮೇಲೆಯೂ ಬೇರೆ ಆನೆಗಳು ಬಂದುವು. 2023ರ ಆಗಸ್ಟಿನ ಕೊನೆಯ ದಿನ ಆಲೂರು ತಾಲ್ಲೂಕಿನಲ್ಲಿಯೇ, ಗಾಯಗೊಂಡ ಕಾಡಾನೆಯೊಂದಕ್ಕೆ ಚಿಕಿತ್ಸೆ ಮಾಡುವುದಕ್ಕಾಗಿ ಮದ್ದಿನ ಬಾಣವನ್ನು ಹೊಡೆಯಲು ಹೋದ ನುರಿತ ಬಾಣಗಾರರೊಬ್ಬರು ಅದೇ ಆನೆಯ ಕಾಲಿಗೆ ಸಿಕ್ಕಿ ಮೃತರಾದರು. ಅಂಗದೇಶದ ಪ್ರಜೆಗಳು ರೋಮಪಾದನ ಬಳಿ ಮೊರೆಯಿಟ್ಟಂತೆ ಇಲ್ಲಿನವರು ಮೊರೆಯಿಟ್ಟರೆ ಅದು ನ್ಯಾಯವೇ. ಹಿಡಿಯುವುದು ಬೇಡವೆಂದು ದೂರದ ಪಟ್ಟಣದಲ್ಲಿ ಕುಳಿತು ಹೇಳುವವರಿಗೆ ಈ ಲೇಖಕನು ಸಹಿ ಹಾಕಲಾರನು.

ಆದರೆ ಹಿಡಿಯುವುದಕ್ಕೆ ಪಳಗಿದ ಆನೆಯೇ ಬೇಕು. ಕೌಟಿಲ್ಯನ ಕಾಲದಲ್ಲಿ ಈ ಕೆಲಸಕ್ಕೆ ಐದೋ ಏಳೋ ಹೆಣ್ಣಾನೆಗಳನ್ನು ಕರೆದೊಯ್ಯುತ್ತಿದ್ದರು. ಅವುಗಳ ಕೆಲಸವು ಸೆಳೆಯುವುದು ಮತ್ತು ಸುತ್ತುವರಿಯುವುದು. ಕಾದಾಡುವುದು ಅವುಗಳ ಪಾಲಿಗೆ ಇರಲಿಲ್ಲ. ಈಗ ಕುಮ್ಕಿಯ ಸಲಗವು ಮದ್ದು ನಾಟಿದ ಕಾಡಾನೆಗೆ ಎದುರಾಗಿ ನಿಂತು ಅದನ್ನು ಒತ್ತರಿಸಬೇಕು; ಮದ್ದು ನಾಟದಿದ್ದರೆ ತಾನೇ ಗುರಾಣಿಯಾಗಬೇಕು. ಇದು ಸಾನ್ನಾಹ್ಯದ ಕೆಲಸ, ಯುದ್ಧದ ಆನೆಯ ಕೆಲಸ. ಎಂಟು ವರ್ಷ ದೇವಿಯ ಅಂಬಾರಿಯನ್ನು ಹೊತ್ತು, ಹೊರಲಾರದ ವಯಸ್ಸು ಬಂದಿತೆಂದು ನಿಲ್ಲಿಸಲ್ಪಟ್ಟ ಔಪವಾಹ್ಯವನ್ನು ಆ ಕೆಲಸಕ್ಕೆ ಹಚ್ಚಿದುದನ್ನು ಯಾವ ಶಾಸ್ತ್ರದಿಂದ ಸಮರ್ಥಿಸುವುದು? ಭಾರಕ್ಕೆ ಮುಪ್ಪಾದ ದೇಹವು ಹೋರಾಟಕ್ಕೆ ಎಳೆಯದಾಗಿರುವುದಿಲ್ಲ. ಮುಪ್ಪಿನ ಕುದುರೆಗೆ ಕೌಟಿಲ್ಯನು ವಿಧಿಸಿದ ಕೆಲಸವಿಲ್ಲದ ಅನ್ನವು ಅರ್ಜುನನಿಗೂ ಸಲ್ಲಬೇಕಾಗಿದ್ದಿತು. ಹೊತ್ತಲ್ಲದ ಹೊತ್ತು, ತಕ್ಕುದಲ್ಲದ ನೆಲ, ದಟ್ಟವಾದ ಮರಗಳ ನಡುವೆ ಹೊಗಿಸುವುದು ಎಂದು ಎರಡು ಸಾವಿರ ವರ್ಷಗಳ ಹಿಂದೆ ಎಣಿಸಿಟ್ಟ ತಪ್ಪುಗಳನ್ನು ದಬ್ಬಳ್ಳಿಕಟ್ಟೆಯ ವರದಿಗಳ ಪಕ್ಕದಲ್ಲಿಟ್ಟು ಓದುವಾಗ ಮನಸ್ಸು ಕಲಕುವುದು.

ಸ್ಮಾರಕದ ವಿಷಯದಲ್ಲಿ ಕನ್ನಡಿಗರಿಗೆ ಪೂರ್ವನಿದರ್ಶನವೊಂದು ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಇತಿಹಾಸಜ್ಞರು ತಕ್ಕೋಲದ ಯುದ್ಧಕ್ಕಾಗಿ ಓದುವರು. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನನ್ನು ಗೆದ್ದ ಆ ಯುದ್ಧವು ನಡೆದುದು 949ರಲ್ಲಿ. ಗಂಗ ಬೂತುಗನ ಆಳಾದ ಮಣಲೆರನು ತನ್ನ ಪರಾಕ್ರಮಕ್ಕೆ ಮೆಚ್ಚಿದ ಕೃಷ್ಣನಿಂದ ಕಾಳಿಯೆಂಬ ನಾಯನ್ನು ಬೇಡಿ ಪಡೆದನು. ಬೆಳತೂರಿನ ಗುಡ್ಡದಲ್ಲಿ ಆ ನಾಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತುವು. ಮಣಲೆರನು ಆತಕೂರಿನ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ನಾಯಿಯ ಪಾಪವು ತಟ್ಟುವುದೆಂದು ಬರೆಸಿದನು. ಮಣಲೆರನ ಪ್ರೀತಿಯಲ್ಲಿ ಸಂದೇಹಪಡಲು ಕಾರಣವಿಲ್ಲ. ಬಹುಮಾನವಾಗಿ ಊರನ್ನು ಬೇಡದೆ ನಾಯನ್ನು ಬೇಡಿದವನು ಅವನು. ಹಂದಿಯ ಮೇಲೆ ಬಿಟ್ಟವನೂ ಅವನೇ. ಸಾವಿರ ವರ್ಷಗಳ ಮೇಲೆ ಅದೇ ನಾಡಿನಲ್ಲಿ ಅದೇ ಕ್ರಮವು ಮರಳಿ ನಡೆದಿದೆ.

ಇನ್ನು ಉಳಿದುದು ಋಣವನ್ನು ಯಾರು ತೆರಬೇಕೆಂಬ ಪ್ರಶ್ನೆ. ಕೌಟಿಲ್ಯನು ದಂಡವನ್ನು ಪರಿಚಾರಕನ ಸಂಬಳದಿಂದ ಮುರಿಯುವನು. ನನಗೆ ಇದು ಒಪ್ಪಿಗೆಯಲ್ಲ. ಮೇವು ತಾರದವನಿಗೆ, ಹೊಡೆಯಬಾರದ ಕಡೆ ಹೊಡೆದವನಿಗೆ ಅದು ಸಲ್ಲಲಿ. ಹೊತ್ತನ್ನೂ ನೆಲವನ್ನೂ ಗೊತ್ತುಮಾಡುವವನು ಮಾವುತನಲ್ಲ. ಹೋಗೆಂದರೆ ಅವನೂ ಆನೆಯಂತೆಯೇ ಹೋಗಬೇಕಾದವನು. ಹೆಚ್ಚಾಗಿ ಜೇನುಕುರುಬರಾದ ಈ ಮಾವುತ ಕಾವಾಡಿಗಳಿಗೆ ತಮ್ಮ ಆನೆಯ ಮುಪ್ಪು, ಮದ, ನಡುಕಗಳು ಕಚೇರಿಯ ಕಡತಕ್ಕಿಂತ ಮೊದಲೇ ತಿಳಿದಿರುವುವು. ಅಂಬಾರಿಗೆ ವಯೋಮಿತಿಯನ್ನು ಗೊತ್ತುಮಾಡಿದವರು ಕಾರ್ಯಾಚರಣೆಗೂ ಅದೇ ಮಿತಿಯನ್ನು ಗೊತ್ತುಮಾಡುವುದಕ್ಕೆ ಹೊಸ ಶಾಸನವೇನೂ ಬೇಕಿಲ್ಲ. ಈ ಆನೆ ಇಂದು ಬಾರದು ಎಂದು ಮಾವುತನು ಹೇಳಿದರೆ ಆ ಮಾತು ಬರಹದಲ್ಲಿ ದಾಖಲಾಗಿ, ಅದನ್ನು ಮೀರಿ ಕರೆದೊಯ್ದ ಅಧಿಕಾರಿಯು ತನ್ನ ಹೆಸರನ್ನು ಅದರ ಕೆಳಗೆ ಬರೆಯುವ ಏರ್ಪಾಡೂ ಆಗತಕ್ಕದ್ದು. ಪಾಳ್ಯದ ಸುತ್ತಿನಲ್ಲಿ ಆನೆ ಹಿಡಿಯುವ ಕೆಲಸವು ಇನ್ನೂ ಮುಗಿದಿಲ್ಲವಾದುದರಿಂದ ಈ ವಿಷಯವು ಕೇವಲ ಶಾಸ್ತ್ರಚರ್ಚೆಯಾಗಿ ನಿಲ್ಲುವಂತಿಲ್ಲ.